ಅಳೆದೂ ತೂಗಿ ಕೊಂಡ ಮೂರು ಕಾಲು

ನನ್ನ ಹಳೆಯ ಅಲ್ಯೂಮಿನಿಯಂ ಟ್ರೈಪಾಡ್ ಹೆಡ್ (ಕ್ಯಾಮೆರಾ ಕೂರಿಸುವ ಮೇಲಿನ ಭಾಗ) ಸೇರಿ 2.6 ಕೆ.ಜಿ. ತೂಗುತ್ತದೆ. ಮಡಚಿದರೂ 62 ಸೆಂ.ಮೀ. ಉದ್ದ. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವಷ್ಟು ದಿನ ಅದರ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಬೆನ್ನಿಗೆ ಬ್ಯಾಗ್ ಏರಿಸಿ ದಿನವಿಡೀ ನಡೆಯುವ ಪ್ರವಾಸಗಳು ಶುರುವಾದ ಮೇಲೆ ಅದು ಸುಮ್ಮನೆ ರೂಮಿನಲ್ಲೇ ಉಳಿಯತೊಡಗಿತು. ಸಂಜೆ ಬೆಳಕು ಇಳಿದಾಗ ಕ್ಯಾಮೆರಾವನ್ನು ಕಲ್ಲಿನ ಮೇಲೋ ಕಟ್ಟೆಯ ಮೇಲೋ ಇಟ್ಟು, ಕೆಳಗೆ ಟೋಪಿ ತುರುಕಿ ಒದ್ದಾಡುವುದು ನನಗೇ ಬೇಸರವಾಯಿತು. ಹಗುರವಾದ ಕಾರ್ಬನ್ ಫೈಬರ್ ಟ್ರೈಪಾಡ್ ಹುಡುಕಲು ಹೊರಟದ್ದು ಹೀಗೆ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲೇಬೇಕಿತ್ತು: ಈಗಿನ ಕ್ಯಾಮೆರಾಗಳಿಗೆ ಟ್ರೈಪಾಡ್ ಬೇಕೇ? ಸೆನ್ಸರನ್ನೇ ಅಲುಗಿಸಿ ಕೈನಡುಕ ಸರಿದೂಗಿಸುವ ವ್ಯವಸ್ಥೆ ಎಷ್ಟು ಸುಧಾರಿಸಿದೆಯೆಂದರೆ, ಅಗಲ ನೋಟದ ವೈಡ್ ಲೆನ್ಸ್ ಹಾಕಿ ಉಸಿರು ಹಿಡಿದು ನಿಂತರೆ ಅರ್ಧ ಸೆಕೆಂಡಿನ ಫೋಟೊ ಕೂಡ ಕೈಯಲ್ಲೇ ತೆಗೆಯಬಹುದು. ಕಡಿಮೆ ಬೆಳಕಿಗೆಂದು ಸೆನ್ಸರಿನ ಸೂಕ್ಷ್ಮತೆಯನ್ನು, ಅಂದರೆ ಐಎಸ್ಒವನ್ನು, 3200ಕ್ಕೆ ಏರಿಸಿಟ್ಟರೂ ಈಗ ಯಾರೂ ಮುಖ ಸಿಂಡರಿಸುವುದಿಲ್ಲ. ಹಾಗಾಗಿ ಹಳೆಯ ಫೋಟೊಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ತೆರೆದು, ಟ್ರೈಪಾಡ್ ಇಲ್ಲದೆ ಯಾವುದು ಸಾಧ್ಯವೇ ಇರಲಿಲ್ಲ ಎಂದು ನೋಡುತ್ತ ಕೂತೆ. ನೀರಿನ ಹರಿವು ನವಿರಾಗಿ ಮೂಡಿದ 1–2 ಸೆಕೆಂಡಿನವು, ನಕ್ಷತ್ರಗಳ 15–20 ಸೆಕೆಂಡಿನವು, ಸೂರ್ಯ ಮುಳುಗಿದ ಮೇಲಿನ ನೀಲಿ ಬೆಳಕಿನವು, ಮತ್ತೆ ಒಂದೇ ಚೌಕಟ್ಟನ್ನು ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆದು ಆಮೇಲೆ ಒಂದಾಗಿಸಿದವು. ನನಗೆ ಇಷ್ಟವಾದ ಫೋಟೊಗಳಲ್ಲಿ ಇವೇ ಹೆಚ್ಚು. ಜೊತೆಗೆ ಟ್ರೈಪಾಡ್ ಇಟ್ಟರೆ ನಾನು ನಿಧಾನವಾಗುತ್ತೇನೆ, ಚೌಕಟ್ಟಿನ ಮೂಲೆಗಳನ್ನು ನೋಡುತ್ತೇನೆ. ಬೇಕು ಅನ್ನುವುದು ಖಾತ್ರಿಯಾಯಿತು.

ಇನ್ನು ಕಾರ್ಬನ್ ಫೈಬರೇ ಏಕೆ? ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಕಾರ್ಬನ್ ಫೈಬರ್ ಕೊಳವೆಯದ್ದು ಸುಮಾರು 1.6. ಈ ಲೆಕ್ಕದಲ್ಲಿ ತೂಕ ಶೇ. 40ರಷ್ಟು ಇಳಿಯಬೇಕು. ಇಳಿಯುವುದಿಲ್ಲ. ಏಕೆಂದರೆ ಕಾರ್ಬನ್ ಆಗುವುದು ಕಾಲಿನ ಕೊಳವೆಗಳು ಮಾತ್ರ. ಮೂರು ಕಾಲುಗಳನ್ನು ಹಿಡಿದಿರುವ ಮೇಲಿನ ಎರಕದ ಭಾಗ, ಲಾಕ್‌ಗಳು, ತಿರುಪುಗಳು, ಕ್ಯಾಮೆರಾವನ್ನು ಬೇಕಾದತ್ತ ವಾಲಿಸಲು ಒಳಗೆ ಮಣಿಯಿರುವ ಬಾಲ್ ಹೆಡ್ ಎಲ್ಲವೂ ಲೋಹವೇ. ಪೀಕ್ ಡಿಸೈನ್ ಕಂಪನಿಯ ಟ್ರಾವೆಲ್ ಟ್ರೈಪಾಡ್ ಎರಡೂ ಬಗೆಯಲ್ಲಿ ಸಿಗುವುದರಿಂದ ಹೋಲಿಸಲು ಅನುಕೂಲ: ಅಲ್ಯೂಮಿನಿಯಂನದ್ದು ಸುಮಾರು 1.56 ಕೆ.ಜಿ., ಕಾರ್ಬನ್‌ನದ್ದು ಸುಮಾರು 1.27. ವ್ಯತ್ಯಾಸ 300 ಗ್ರಾಂ ಕೂಡ ಇಲ್ಲ. ಬೆಲೆಯ ಅಂತರ ಮಾತ್ರ ದೊಡ್ಡದು. ಬರೀ ತೂಕ ನೋಡಿದ್ದರೆ ನಾನು ಅಲ್ಯೂಮಿನಿಯಂನಲ್ಲೇ ಚಿಕ್ಕದೊಂದನ್ನು ತೆಗೆದುಕೊಂಡು ಸುಮ್ಮನಾಗುತ್ತಿದ್ದೆ.

ನನ್ನನ್ನು ಕಾರ್ಬನ್ ಕಡೆ ಎಳೆದದ್ದು ಬೇರೆ ಎರಡು ಗುಣಗಳು. ಒಂದು, ಅಲುಗಾಟ ಬೇಗ ಅಡಗುತ್ತದೆ. ನಾರುಗಳನ್ನು ಬಂಧಿಸಿರುವ ರಾಳ ಕಂಪನವನ್ನು ಹೀರಿಕೊಳ್ಳುತ್ತದೆ. ಇನ್ನೊಂದು, ಚಳಿ. ಬೆಳಗಿನ ಜಾವ ಬೆಟ್ಟದ ಮೇಲೆ ಅಲ್ಯೂಮಿನಿಯಂ ಕಾಲನ್ನು ಬರಿಗೈಯಲ್ಲಿ ಹಿಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಕಾರ್ಬನ್ ಕೊಳವೆ ಕೈಯ ಶಾಖವನ್ನು ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ.

ಹುಡುಕಾಟ ಶುರುವಾದ ಮೇಲೆ ಮೊದಲು ಕಣ್ಣಿಗೆ ಬೀಳುವುದು ‘ಇಷ್ಟು ಕೆ.ಜಿ. ಹೊರುತ್ತದೆ’ ಎಂಬ ಅಂಕಿ. ಒಂದು ಕೆ.ಜಿ.ಯೂ ತೂಗದ ಟ್ರೈಪಾಡ್ 8 ಕೆ.ಜಿ., 10 ಕೆ.ಜಿ., ಕೆಲವು ಕಡೆ 12 ಕೆ.ಜಿ. ಹೊರುತ್ತದಂತೆ. ನನ್ನ ಕ್ಯಾಮೆರಾ ಮತ್ತು ನನ್ನಲ್ಲಿರುವ ಅತಿ ಭಾರದ ಲೆನ್ಸ್ ಸೇರಿ 2 ಕೆ.ಜಿ. ಆಸುಪಾಸು. ಹಾಗಾದರೆ ಯಾವುದನ್ನು ತೆಗೆದುಕೊಂಡರೂ ಆಯಿತಲ್ಲ! ಈ ಅಂಕಿಯನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಕ್ರಮ ಇಲ್ಲ. ಒಬ್ಬರು ಲಾಕ್ ಜಾರದೆ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ, ಇನ್ನೊಬ್ಬರು ಮುರಿಯದೆ ಎಷ್ಟು ತಡೆಯುತ್ತದೆ ಎಂದು. ಎರಡೂ ನನ್ನ ಪ್ರಶ್ನೆಗೆ ಉತ್ತರವಲ್ಲ. ಟ್ರೈಪಾಡ್ ನನ್ನ ಕ್ಯಾಮೆರಾದ ಭಾರಕ್ಕೆ ಕುಸಿಯುತ್ತದೆ ಎಂಬ ಭಯ ನನಗಿಲ್ಲ. ಗಾಳಿ ಬೀಸಿದಾಗ ಎಷ್ಟು ತಿರುಚಿಕೊಳ್ಳುತ್ತದೆ ಎಂಬುದು ಗೊತ್ತಾಗಬೇಕು.

ಎಷ್ಟು ತಿರುಚಿಕೊಂಡರೆ ತೊಂದರೆ? ಪುಟ್ಟ ಲೆಕ್ಕ ಹಾಕಿದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.006 ಮಿ.ಮೀ. ಲೆನ್ಸ್ ದೂರದ್ದನ್ನು ಹತ್ತಿರ ತೋರಿಸುವ 200 ಮಿ.ಮೀ. ಟೆಲಿ ಆಗಿದ್ದರೆ, 10 ಮೀಟರ್ ದೂರದ ಗೋಡೆಯ ಮೇಲೆ ಆ ಒಂದು ಪಿಕ್ಸೆಲ್ ಅಂದರೆ 0.3 ಮಿ.ಮೀ. ಕ್ಯಾಮೆರಾ ನೋಡುವ ದಿಕ್ಕು ಅಷ್ಟು ಸರಿದರೆ ಸಾಕು, ಚಿತ್ರದ ಮೊನಚು ಹೋಗಲು ಶುರು. 24 ಮಿ.ಮೀ. ಲೆನ್ಸ್‌ಗಾದರೆ ಇದರ ಎಂಟು ಪಟ್ಟು ಸರಿದರೂ ನಡೆಯುತ್ತದೆ. ಬರೀ ವೈಡ್ ಲೆನ್ಸ್ ಒಯ್ಯುವವರು ನನ್ನಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ, 1 ಕೆ.ಜಿ. ಒಳಗಿನದ್ದನ್ನು ಆರಿಸಿಕೊಂಡು ಹಾಯಾಗಿರಬಹುದು. ನನಗೆ ದೂರದ ಬೆಟ್ಟಸಾಲುಗಳನ್ನು ಟೆಲಿ ಲೆನ್ಸ್‌ನಲ್ಲಿ ಹತ್ತಿರ ತರುವ ಹುಚ್ಚು.

ಹಾಗಾಗಿ ಕೊಳವೆಯ ದಪ್ಪದ ಕಡೆ ಗಮನ ಹೋಯಿತು. ತೆಳುಗೋಡೆಯ ಕೊಳವೆ ಬಾಗದೆ ನಿಲ್ಲುವ ಶಕ್ತಿ ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ 22 ಮಿ.ಮೀ.ನಿಂದ 28ಕ್ಕೆ ಏರಿದರೆ ಬಿಗಿತ ಎರಡು ಪಟ್ಟಾಗುತ್ತದೆ. ಜಾಹೀರಾತುಗಳು ದೊಡ್ಡಕ್ಷರದಲ್ಲಿ ಹೇಳುವುದು ಮೇಲಿನ, ಅತಿ ದಪ್ಪದ ಕೊಳವೆಯ ಅಳತೆ. ನೆಲಕ್ಕೆ ತಾಗುವುದು ಕಡೆಯದು. ನಾಲ್ಕು ಹಂತದ ಕಾಲಿನಲ್ಲಿ ಒಂದರೊಳಗೊಂದು 3 ಮಿ.ಮೀ. ಇಳಿಯುತ್ತ ಬಂದರೆ 28, 25, 22, 19. ಐದನೆಯ ಹಂತ ಸೇರಿಸಿದರೆ 16. ಆ ಒಂದು ಹಂತದಿಂದ ಮಡಚಿದ ಉದ್ದ ಐದಾರು ಸೆಂಟಿಮೀಟರ್ ಕಡಿಮೆಯಾಗುತ್ತದೆ ನಿಜ. ಆದರೆ 16 ಮಿ.ಮೀ. ಕೊಳವೆ 19ರದ್ದಕ್ಕಿಂತ ಹೆಚ್ಚುಕಡಿಮೆ ಶೇ. 40ರಷ್ಟು ಸಡಿಲ. ಎಲ್ಲ ಹಂತಗಳನ್ನೂ ಬಿಚ್ಚಿ ನಿಲ್ಲಿಸಿದಾಗ ಇಡೀ ಟ್ರೈಪಾಡಿನ ಮಾನ ಉಳಿಸುವುದು ಆ ಬೆರಳುಗಾತ್ರದ ಕಡ್ಡಿ. ನಾನು ಕಾಗದದ ಮೇಲೆ ಪಟ್ಟಿ ಮಾಡುವಾಗ ಮೇಲಿನ ಕೊಳವೆಯ ಅಂಕಣ ಹೊಡೆದು ಹಾಕಿ ಕೆಳಗಿನದ್ದನ್ನೇ ಬರೆದುಕೊಂಡೆ. ಕೆಲವು ಕಂಪನಿಗಳು ಅದನ್ನು ಎಲ್ಲೂ ಕೊಡುವುದಿಲ್ಲ. ಅಂಥವನ್ನು ಪಟ್ಟಿಯಿಂದ ಕೈಬಿಡಲು ನನಗೆ ಬೇರೆ ಕಾರಣ ಬೇಕಾಗಲಿಲ್ಲ.

‘8 ಪದರದ ಕಾರ್ಬನ್’, ‘10 ಪದರದ ಕಾರ್ಬನ್’ ಎಂಬ ಮಾತಿಗೆ ನಾನು ಕಿವಿಗೊಡಲಿಲ್ಲ. ಕಾರ್ಬನ್ ನಾರು ತನ್ನ ಉದ್ದಕ್ಕೆ ಮಾತ್ರ ಗಟ್ಟಿ. ಕೊಳವೆ ತಿರುಚಿಕೊಳ್ಳದಂತೆ ತಡೆಯಲು ನಾರುಗಳನ್ನು ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಎರಡೂ ಕಡೆಗೆ ಹಾಯಿಸಬೇಕು. ಪದರ ಎಷ್ಟಿದ್ದರೇನು, ಯಾವ ಪದರ ಯಾವ ದಿಕ್ಕಿಗಿದೆ ಎಂದು ಹೊರಗಿನಿಂದ ಹೇಳಲಾಗದು. ಮೇಲೆ ಕಾಣುವ ಚೌಕುಳಿ ನೇಯ್ಗೆ ಎಷ್ಟೋ ಸಲ ಅಂದಕ್ಕೆಂದು ಸುತ್ತಿದ ಕಡೆಯ ಪದರ ಅಷ್ಟೆ.

ಎತ್ತರದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ನನ್ನ ಎತ್ತರ 170 ಸೆಂ.ಮೀ., ಕಣ್ಣು ಇರುವುದು 158ರ ಹತ್ತಿರ. ಬಾಲ್ ಹೆಡ್ 9 ಸೆಂ.ಮೀ., ಕ್ಯಾಮೆರಾದ ತಳದಿಂದ ವ್ಯೂಫೈಂಡರ್‌ಗೆ ಇನ್ನೊಂದು 8–9. ಅಂದರೆ ಬಾಗದೆ ನೋಡಲು ಕಾಲುಗಳೇ 140 ಸೆಂ.ಮೀ. ಎತ್ತರಕ್ಕೆ ಬರಬೇಕು. ಪ್ರವಾಸದ ಟ್ರೈಪಾಡ್‌ಗಳ ವಿವರದಲ್ಲಿ 150 ಎಂದು ಬರೆದಿರುತ್ತದೆ. ಕಾಲುಗಳ ನಡುವೆ ಮೇಲೆ ಕೆಳಗೆ ಜಾರುವ ಸೆಂಟರ್ ಕಾಲಂ ಪೂರ್ತಿ ಮೇಲೆತ್ತಿದಾಗಿನ ಎತ್ತರ ಅದು. ಕಾಲಂ ಇಳಿಸಿದರೆ 125–130. ಕಾಲಂ ಎತ್ತಿದ ಕೂಡಲೇ ಮೂರು ಕಾಲಿನ ಟ್ರೈಪಾಡ್‌ನ ತುದಿಯಲ್ಲಿ ಒಂಟಿಕಾಲಿನ ಮೊನೊಪಾಡ್ ನಿಲ್ಲಿಸಿದ ಹಾಗೆ. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಬಿಗಿತವೆಲ್ಲ ಆ ಒಂದು ತೆಳುಕೊಳವೆಯಲ್ಲಿ ಸೋರಿಹೋಗುತ್ತದೆ. ಹಾಗಾಗಿ ಕಾಲಂ ಇಳಿಸಿದ ಎತ್ತರವೇ ನನ್ನ ಪಾಲಿಗೆ ನಿಜವಾದ ಎತ್ತರ. 140 ಬೇಕೇಬೇಕು ಎಂಬ ಹಟ ಬಿಟ್ಟು 130ಕ್ಕೆ ಒಪ್ಪಿಕೊಂಡೆ. ಕ್ಯಾಮೆರಾದ ಹಿಂದಿನ ಪರದೆ ಮೇಲಕ್ಕೆ ಮಡಚುತ್ತದೆ, ವ್ಯೂಫೈಂಡರ್‌ಗೆ ಕಣ್ಣಿಡುವುದು ಹೇಗೂ ಅಪರೂಪ. 130ಕ್ಕಿಂತ ಕೆಳಗೆ ಇಳಿಯದ್ದಕ್ಕೂ ಕಾರಣವಿದೆ: ಇಳಿಜಾರಿನಲ್ಲಿ ನಿಂತಾಗ ಒಂದು ಕಾಲು ಉಳಿದೆರಡಕ್ಕಿಂತ ಬಹಳ ಉದ್ದ ಬೇಕಾಗುತ್ತದೆ, ಆಗ ಸಮತಟ್ಟು ನೆಲದ ಲೆಕ್ಕ ನಡೆಯುವುದಿಲ್ಲ.

ಮಡಚಿದ ಉದ್ದ 45 ಸೆಂ.ಮೀ. ಒಳಗಿರಬೇಕು ಎಂಬುದು ಮೊದಲೇ ಗಟ್ಟಿಮಾಡಿಕೊಂಡಿದ್ದ ಮಾತು. ವಿಮಾನದೊಳಗೆ ಒಯ್ಯುವ ಬ್ಯಾಗಿಗೆ ಬಹಳಷ್ಟು ಕಂಪನಿಗಳು ಕೊಡುವ ಮಿತಿ 55 ಸೆಂ.ಮೀ. ಆಸುಪಾಸು. ಟ್ರೈಪಾಡ್ ಬ್ಯಾಗಿನೊಳಗೇ ಹೋದರೆ ತಪಾಸಣೆಯಲ್ಲಿ ಮಾತುಕತೆ ಕಡಿಮೆ. ಕಾಲುಗಳನ್ನು 180 ಡಿಗ್ರಿ ಹಿಂದಕ್ಕೆ ಮಡಚಿ ಹೆಡ್ಡನ್ನು ಕಾಲುಗಳ ನಡುವೆ ಕೂರಿಸುವ ವಿನ್ಯಾಸ ಈ ಉದ್ದ ಸಾಧಿಸಲೆಂದೇ ಬಂದದ್ದು. 1994ರಲ್ಲಿ ಮೊದಲ ಕಾರ್ಬನ್ ಟ್ರೈಪಾಡ್ ತಂದ ಗಿಟ್ಜೊ ಕಂಪನಿಯ ಟ್ರಾವೆಲರ್ ಸರಣಿಯಿಂದ ಇದು ಜನಪ್ರಿಯವಾಯಿತು, ಈಗ ಎಲ್ಲರೂ ಮಾಡುತ್ತಾರೆ. ಇದರ ಕಿರಿಕಿರಿ ಎಂದರೆ, ಪ್ರತಿ ಸಲವೂ ಕಾಲುಗಳನ್ನು ಪೂರ್ತಿ ಮಗುಚಬೇಕು. ಬೆಳಕು ಓಡುತ್ತಿರುವಾಗ ಆ ಹತ್ತು ಸೆಕೆಂಡು ಬಲು ಉದ್ದ ಅನಿಸುತ್ತದೆ.

ಇಷ್ಟೆಲ್ಲ ಸೋಸಿದ ಮೇಲೆ ಮೂರು ಉಳಿದವು: 1 ಕೆ.ಜಿ.ಗೂ ಕಡಿಮೆಯ ಐದು ಹಂತದ್ದು, ಹೆಡ್ ಸೇರಿ 1.5 ಕೆ.ಜಿ.ಯ ನಾಲ್ಕು ಹಂತದ್ದು, ಮತ್ತೆ ಸೆಂಟರ್ ಕಾಲಮ್ಮೇ ಇಲ್ಲದ, ದಪ್ಪ ಕಾಲಿನ, 2 ಕೆ.ಜಿ. ದಾಟುವ ಒಂದು. ಬಹುಕಾಲದಿಂದ ಫೋಟೊಗ್ರಫಿಯಲ್ಲಿರುವ ಹಿರಿಯರೊಬ್ಬರ ಬಳಿ ಮೊದಲೆರಡಕ್ಕೆ ಹೋಲುವವು ಇದ್ದವು. ಮೂರನೆಯದನ್ನು ಬಾಡಿಗೆಗೆ ತಂದೆ. ಟ್ರೈಪಾಡ್ ಬಿಚ್ಚಿ ನಿಲ್ಲಿಸಿ, ಮೇಲಿನಿಂದ ಒತ್ತಿ ನೋಡುತ್ತಿದ್ದ ನನ್ನನ್ನು ಕಂಡು ಅವರು, “ಒತ್ತಿದರೆ ಏನು ತಿಳಿಯುತ್ತಪ್ಪಾ? ಎಲ್ಲವೂ ತಡೆಯುತ್ತೆ. ತಲೆ ಹಿಡಿದು ತಿರುಚಿ ನೋಡು” ಅಂದರು. ತಿರುಚಿದೆ. ಐದು ಹಂತದ್ದು ಕೈಗೆ ಸ್ಪಷ್ಟವಾಗಿ ಬಾಗಿತು, ಬಿಟ್ಟಾಗ ಸ್ಪ್ರಿಂಗಿನಂತೆ ಹಿಂದಕ್ಕೆ ಬಂತು. ಉಳಿದೆರಡರ ನಡುವಿನ ವ್ಯತ್ಯಾಸ ಕೈಗೆ ಹತ್ತಲಿಲ್ಲ.

ಅದಕ್ಕೆ ಕ್ಯಾಮೆರಾವನ್ನೇ ಕೇಳಬೇಕಾಯಿತು. 200 ಮಿ.ಮೀ.ಗೆ ಲೆನ್ಸ್ ಇಟ್ಟು, ದೂರದ ಗೋಡೆಗೆ ಸಣ್ಣ ಅಕ್ಷರದ ಮುದ್ರಿತ ಹಾಳೆ ಅಂಟಿಸಿ, ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿದೆ. ಕ್ಯಾಮೆರಾ ಮತ್ತು ಲೆನ್ಸ್ ಎರಡರ ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ನೂ ಆಫ್. ಕಾಲಂ ಇಳಿಸಿ, ಎಲ್ಲ ಹಂತಗಳನ್ನೂ ಬಿಚ್ಚಿ, ಲೆನ್ಸಿನ ತುದಿಗೆ ಬೆರಳಿನಿಂದ ಒಂದು ಸಣ್ಣ ಏಟು ಕೊಟ್ಟು, ಅಕ್ಷರಗಳು ಸ್ಥಿರವಾಗುವವರೆಗೆ ಫೋನಿನ ಸ್ಟಾಪ್‌ವಾಚ್ ನೋಡಿದೆ. ಪರದೆಯಲ್ಲಿ ಅಕ್ಷರಗಳು ಅಡ್ಡಡ್ಡ ಓಲಾಡುತ್ತವೆ, ಓಲಾಟ ಕಿರಿದಾಗುತ್ತ ಒಂದು ಹಂತದಲ್ಲಿ ನಡುಕವಾಗಿ, ಆಮೇಲೆ ನಿಲ್ಲುತ್ತದೆ. ಐದು ಹಂತದ್ದಕ್ಕೆ ಮೂರೂವರೆ ಸೆಕೆಂಡು ಬೇಕಾಯಿತು. ನಾಲ್ಕು ಹಂತದ್ದಕ್ಕೆ ಒಂದೂವರೆ. ದೊಡ್ಡದಕ್ಕೆ ಒಂದಕ್ಕೂ ಕಡಿಮೆ. ಆಮೇಲೆ ನಾಲ್ಕು ಹಂತದ್ದರ ಕಾಲಂ ಪೂರ್ತಿ ಎತ್ತಿ ಏಟು ಕೊಟ್ಟೆ: ಮೂರು ಸೆಕೆಂಡು ದಾಟಿತು. ಅರ್ಧ ಕೆ.ಜಿ. ಹೆಚ್ಚು ಹೊತ್ತು ಗಳಿಸಿದ್ದನ್ನು ಕಾಲಂ ಒಂದೇ ಎಳೆತಕ್ಕೆ ಕಳೆದುಬಿಟ್ಟಿತ್ತು.

ಈ ಸೆಕೆಂಡುಗಳು ಏಕೆ ಮುಖ್ಯವೆಂದರೆ, ಶಟರ್ ಒತ್ತಿದಾಗಿನ ಅಲುಗಾಟ ತಪ್ಪಿಸಲು ನಾವೆಲ್ಲ ಬಳಸುವುದು ಎರಡು ಸೆಕೆಂಡಿನ ಟೈಮರ್. ಮೂರೂವರೆ ಸೆಕೆಂಡು ನಡುಗುವ ಟ್ರೈಪಾಡಿನಲ್ಲಿ ಶಟರ್ ತೆರೆಯುವಾಗ ಕ್ಯಾಮೆರಾ ಇನ್ನೂ ಓಲಾಡುತ್ತಲೇ ಇರುತ್ತದೆ. ಅಂಥದ್ದಕ್ಕೆ 5 ಅಥವಾ 10 ಸೆಕೆಂಡಿನ ಟೈಮರೇ ಬೇಕು, ಅಥವಾ ರಿಮೋಟ್. ಮೂವತ್ತು ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಮೊದಲ ಒಂದು ಸೆಕೆಂಡಿನ ನಡುಕ ಮುಳುಗಿಹೋಗುತ್ತದೆ, ಕಾಣುವುದೇ ಇಲ್ಲ. ಕೆಡುವುದು 1/15ರಿಂದ 1 ಸೆಕೆಂಡಿನವರೆಗಿನ ಚಿತ್ರಗಳು.

2 ಕೆ.ಜಿ.ಯದ್ದು ಎಲ್ಲ ಪರೀಕ್ಷೆಯಲ್ಲೂ ಗೆದ್ದಿತು. ಅದನ್ನು ಬ್ಯಾಗಿಗೆ ಕಟ್ಟಿ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಇಳಿದ ಮೇಲೆ ನನ್ನ ಮೊಣಕಾಲು ಅದನ್ನು ನಪಾಸು ಮಾಡಿತು. ಬ್ಯಾಗಿನ ಒಂದೇ ಪಕ್ಕಕ್ಕೆ ಭಾರ ತೂಗಿದರೆ ಸೊಂಟ ಇನ್ನೊಂದು ಪಕ್ಕಕ್ಕೆ ಓರೆಯಾಗುತ್ತದೆ; ನಡುವೆ ಕಟ್ಟಿದರೆ ಬ್ಯಾಗ್ ಬಿಚ್ಚಲಾಗದು. ನಾಲ್ಕು ಹಂತದ್ದೇ ಗತಿ ಎಂದಾಯಿತು, ಬೇಸರವೇನೂ ಆಗಲಿಲ್ಲ.

ಲಾಕ್‌ಗಳ ವಿಷಯದಲ್ಲಿ ಜನ ಎರಡು ಪಂಗಡವಾಗಿ ಜಗಳವಾಡುತ್ತಾರೆ. ಚಿಮ್ಮಿಸಿ ಬಿಡಿಸುವ ಫ್ಲಿಪ್ ಲಾಕ್ ತೆರೆದಿದೆಯೋ ಮುಚ್ಚಿದೆಯೋ ಕಣ್ಣಿಗೆ ಕಾಣುತ್ತದೆ, ಆದರೆ ಗಿಡಗಂಟಿಗೆ, ಬ್ಯಾಗಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ತಿರುವುವ ಟ್ವಿಸ್ಟ್ ಲಾಕ್‌ನಲ್ಲಿ ಮಡಚಿದ ಕಾಲಿನ ಮೂರೂ ಉಂಗುರಗಳನ್ನು ಒಂದೇ ಅಂಗೈಯಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿದರೆ ಇಡೀ ಕಾಲು ಸರ್ರನೆ ಇಳಿಯುತ್ತದೆ. ನನಗೆ ಇದೇ ಹಿಡಿಸಿತು. ಕತ್ತಲಲ್ಲಿ, ಕೈಗವಸು ಹಾಕಿ, ಕಣ್ಣುಮುಚ್ಚಿ ಹಲವು ಸಲ ಬಿಚ್ಚಿ ಮುಚ್ಚಿ ನೋಡಿ ಒಪ್ಪಿದೆ. ಪೂರ್ತಿ ಬಿಗಿಯಾಗಿದೆಯೇ ಎಂದು ತಿಳಿಯಲು ಪ್ರತಿ ಕಾಲಿನ ಮೇಲೂ ಒಮ್ಮೆ ಭಾರ ಬಿಡುವುದು ಈಗ ಕೈಗೆ ಅಂಟಿದ ಅಭ್ಯಾಸ.

ಜೊತೆಗೆ ಬಂದ ಬಾಲ್ ಹೆಡ್ ಮಾತ್ರ ನನಗೆ ಸರಿಬರಲಿಲ್ಲ. ಟೆಲಿ ಲೆನ್ಸ್ ಹಾಕಿ, ಚೌಕಟ್ಟು ಕೂಡಿಸಿ, ಹೆಡ್ಡಿನ ತಿರುಪು ಬಿಗಿಮಾಡಿ ಕೈ ಬಿಟ್ಟರೆ ಚೌಕಟ್ಟು ಕೂದಲೆಳೆಯಷ್ಟು ಕೆಳಗೆ ಕೂರುತ್ತಿತ್ತು. ಪ್ರತಿ ಸಲವೂ ಒಂದಿಷ್ಟು ಮೇಲಿಟ್ಟು ಬಿಗಿಮಾಡುವ ಅಂದಾಜಿನ ಕೆಲಸ. ಹಗುರ ಮಾಡಲು ಮಣಿಯನ್ನೇ ಚಿಕ್ಕದು ಮಾಡಿದ್ದರ ಫಲ ಇದು. ಸುಮಾರು 100 ಗ್ರಾಂ ಹೆಚ್ಚು ತೂಗುವ, ದೊಡ್ಡ ಮಣಿಯ ಹೆಡ್ ಬೇರೆ ಹಾಕಿದೆ. ಕಾಲಿಗೂ ಹೆಡ್ಡಿಗೂ ನಡುವಿನ ತಿರುಪು 3/8 ಇಂಚಿನದ್ದಾದ್ದರಿಂದ ಯಾವ ಕಂಪನಿಯದ್ದನ್ನಾದರೂ ಹಾಕಬಹುದು. ಕ್ಯಾಮೆರಾದ ತಳದ್ದು 1/4 ಇಂಚು. ಕ್ಯಾಮೆರಾವನ್ನು ಹೆಡ್ಡಿಗೆ ಸಿಕ್ಕಿಸುವ ಪ್ಲೇಟ್, ಹಲವು ಕಂಪನಿಗಳು ಬಳಸುವ ಆರ್ಕಾ-ಸ್ವಿಸ್ ಮಾದರಿಯದ್ದು ಎಂಬುದನ್ನು ಖಚಿತ ಮಾಡಿಕೊಂಡೆ. ತನ್ನದೇ ಆಕಾರದ ಪ್ಲೇಟ್ ಕೊಡುವ ಹೆಡ್ ತೆಗೆದುಕೊಂಡರೆ, ಪ್ಲೇಟ್ ಕಳೆದುಹೋದ ದಿನ ಟ್ರೈಪಾಡ್ ಬರೀ ಊರುಗೋಲು. ಉದ್ದದ ಸೆಂಟರ್ ಕಾಲಂ ತೆಗೆದು, ಪೆಟ್ಟಿಗೆಯಲ್ಲೇ ಬಂದಿದ್ದ ಮೋಟು ಕಾಲಂ ಹಾಕಿದ್ದರಿಂದ ಹೆಡ್ಡಿನ ಹೆಚ್ಚುವರಿ ಭಾರ ಬಹುಪಾಲು ಸರಿಹೋಯಿತು. ಈಗ ಟ್ರೈಪಾಡನ್ನು ನೆಲಮಟ್ಟಕ್ಕೂ ಇಳಿಸಬಹುದು.

ಗಾಳಿಯ ಪರೀಕ್ಷೆ ಮೊದಲ ಪ್ರವಾಸದಲ್ಲೇ ಆಯಿತು. ಬೋಳು ಬೆಟ್ಟದ ಅಂಚು, ಸಂಜೆ, ಟೆಲಿ ಲೆನ್ಸ್. ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಚಿತ್ರ ನಿಲ್ಲುತ್ತಿಲ್ಲ. ಪಟಪಟನೆ ಹೊಡೆದುಕೊಳ್ಳುತ್ತಿದ್ದ ಕ್ಯಾಮೆರಾದ ಕುತ್ತಿಗೆಪಟ್ಟಿ ಬಿಚ್ಚಿದೆ, ಲೆನ್ಸ್ ಹುಡ್ ತೆಗೆದೆ; ಎರಡೂ ಗಾಳಿಗೆ ಹಾಯಿ ಕಟ್ಟಿದಂತೆ. ಕಡೆಯ ತೆಳು ಹಂತವನ್ನು ಒಳಗೆ ತಳ್ಳಿ, ಒಂದು ಕಾಲನ್ನು ಗಾಳಿ ಹೋಗುವ ದಿಕ್ಕಿಗೆ ಚಾಚಿ, ಮಂಡಿಯೂರಿ ಕೂತೆ. ಕೆಳಗಿನ ಕೊಕ್ಕೆಗೆ ಬ್ಯಾಗ್ ತೂಗುಹಾಕಿದಾಗ ಅದು ಗಡಿಯಾರದ ಲೋಲಕದ ಹಾಗೆ ಆಡತೊಡಗಿ ಇದ್ದ ಸ್ಥಿರತೆಯನ್ನೂ ಕೆಡಿಸಿತು. ಪಟ್ಟಿಯನ್ನು ಉದ್ದ ಮಾಡಿ ಬ್ಯಾಗಿನ ತಳ ನೆಲಕ್ಕೆ ತಾಗುವಂತೆ ಬಿಟ್ಟ ಮೇಲೆ ಸರಿಹೋಯಿತು. ಬ್ಯಾಗಿನ ಭಾರ ಟ್ರೈಪಾಡ್ ಉರುಳದಂತೆ, ಜಾರದಂತೆ ತಡೆಯುತ್ತದೆ. ಕೊಳವೆ ಬಾಗುವುದನ್ನು ಅದು ತಡೆಯಲಾರದು. 1/4 ಸೆಕೆಂಡಿನಲ್ಲಿ ತೆಗೆದ ಚಿತ್ರಗಳಲ್ಲಿ ಅರ್ಧದಷ್ಟು ಮೊನಚಾಗಿ ಬಂದವು. ಐಎಸ್ಒ ಏರಿಸಿ 1/60ಕ್ಕೆ ತಂದಾಗ ಬಹುತೇಕ ಎಲ್ಲವೂ.

ಕಡಲತೀರದಿಂದ ಬಂದ ಮೇಲೆ ಟ್ವಿಸ್ಟ್ ಲಾಕ್ ತಿರುಗಿಸಿದರೆ ಕರಕರ ಸದ್ದು. ಮರಳು ಒಳಗೆ ಹೋಗಿತ್ತು. ಉಂಗುರವನ್ನು ಪೂರ್ತಿ ತಿರುಚಿ ಬಿಚ್ಚಿ ಕೆಳಗಿನ ಕೊಳವೆ ಎಳೆದುಕೊಂಡರೆ, ಅದರ ಮೇಲ್ತುದಿಗೆ ಅಪ್ಪಿಕೊಂಡಿರುವ ಎರಡು ಪ್ಲಾಸ್ಟಿಕ್ ಬುಷ್‌ಗಳು ಕಳಚಿ ಬೀಳುತ್ತವೆ. ಅವುಗಳ ಒಳಗಿನ ಪುಟ್ಟ ಮೊಳಕೆ ಕೊಳವೆಯ ತೂತಿಗೆ ಕೂರಬೇಕು, ಹಾಗಾಗಿ ಬಟ್ಟೆ ಹಾಸಿ ಅದರ ಮೇಲೆ ಒಂದೊಂದೇ ಕಾಲು ಬಿಚ್ಚುವುದು ಕ್ಷೇಮ. ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಉಂಗುರದ ತಿರುಪಿನ ಸುತ್ತುಗಳಿಗೆ ಮಾತ್ರ ತೆಳ್ಳಗೆ ಗ್ರೀಸ್ ಸವರಿದೆ. ಕೊಳವೆಗೆ ಗ್ರೀಸ್ ಮುಟ್ಟಿಸಿದರೆ ಲಾಕ್ ಜಾರುತ್ತದೆ. ಉಪ್ಪುನೀರನ್ನು ಹಾಗೇ ಬಿಡಲಾಗದು: ಕಾರ್ಬನ್ನೂ ಅಲ್ಯೂಮಿನಿಯಮ್ಮೂ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಇನ್ನೊಂದು ಕಣ್ಣು ಕೊಳವೆಯ ಮೇಲೆ ಇಡುತ್ತೇನೆ. ಅಲ್ಯೂಮಿನಿಯಂ ಬಂಡೆಗೆ ಬಡಿದರೆ ತಗ್ಗು ಬೀಳುತ್ತದೆ. ಕಾರ್ಬನ್ ತಗ್ಗಾಗುವುದಿಲ್ಲ, ಚೂಪು ಏಟಿಗೆ ಸೀಳುತ್ತದೆ. ತೊಳೆಯುವಾಗಲೆಲ್ಲ ಬಟ್ಟೆಯಿಂದ ಕೊಳವೆಯ ಉದ್ದಕ್ಕೂ ಒರೆಸುತ್ತೇನೆ. ಸೀಳಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ. ಬರಿಬೆರಳು ಆಡಿಸಿದರೆ ಕಾರ್ಬನ್ನಿನ ಸಿಬಿರು ಚುಚ್ಚುತ್ತದೆ, ತೆಗೆಯುವುದು ಕಷ್ಟ.